ನೀಲಗಿರಿಯ ಟ್ರೌಟ್ ಮೀನು ಮತ್ತು ಅಣೆಕಟ್ಟಿನ ಕೆಳಗಿನ ಚಳಿಗಾಲ



ತಾಳವಾಡಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆ ಹೋಗುವವರಿಗೆಲ್ಲ ಭವಾನಿಸಾಗರ ಅಣೆಕಟ್ಟು ಗೊತ್ತಿರುತ್ತದೆ. ಆ ಅಣೆಕಟ್ಟಿಗೆ ನೀರು ತರುವ ಎರಡು ಹೊಳೆಗಳಲ್ಲಿ ಒಂದು ಭವಾನಿ, ಇನ್ನೊಂದು ಮೋಯಾರ್. ಮೋಯಾರ್ ಹರಿಯುವುದು ನಮ್ಮ ಬೆಟ್ಟಗಳ ಕೆಳಗಿನ ಕಣಿವೆಯಲ್ಲೇ. ಅದಕ್ಕೂ ಮೇಲೆ ಬಂಡೀಪುರ, ಮುದುಮಲೆ ಕಾಡುಗಳ ನಡುವೆ ಅದು ಕರ್ನಾಟಕಕ್ಕೂ ತಮಿಳುನಾಡಿಗೂ ಗಡಿಗೆರೆಯಾಗಿದೆ. ಈ ಹೊಳೆಗೆ ನೀರು ಎಲ್ಲಿಂದ ಬರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ "ಊಟಿ ಬೆಟ್ಟದಿಂದ" ಎಂಬ ಉತ್ತರ ಬರುತ್ತದೆ. ಅದು ಸರಿ. ಯಾವಾಗ ಬರುತ್ತದೆ ಎಂದು ಕೇಳಿದರೆ "ಮಳೆಗಾಲದಲ್ಲಿ" ಎನ್ನುತ್ತಾರೆ. ಅದು ಅರ್ಧ ಮಾತ್ರ ಸರಿ.

ಉಳಿದ ಅರ್ಧವನ್ನು ತಿಳಿಯಲು ನೀಲಗಿರಿಯ ನೆತ್ತಿಯ ಮೇಲಿರುವ ಒಂದು ಪರದೇಶಿ ಮೀನಿನ ಚರಿತ್ರೆಯನ್ನು ನೋಡಬೇಕು. ಆ ಮೀನಿನ ಹೆಸರು ಟ್ರೌಟ್. ನಮ್ಮ ದೇಶದ ಯಾವ ಹೊಳೆಯಲ್ಲೂ ಅದು ತಾನಾಗಿ ಹುಟ್ಟಿದ್ದಲ್ಲ. ಕಂದು ಟ್ರೌಟ್ ಯೂರೋಪಿನದು. ಮೈಮೇಲೆ ಗುಲಾಬಿ ಬಣ್ಣದ ಪಟ್ಟೆಯಿರುವ ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಿಗೂ ರಷ್ಯಾದ ಕಾಮ್ಚಟ್ಕಾ ಸೀಮೆಗೂ ಸೇರಿದ್ದು. ಇಂಥ ಮೀನು ಕಾವೇರಿಯ ಉಪನದಿಯೊಂದರ ತಲೆಯ ಮೇಲೆ ಬಂದು ಕೂತದ್ದು ಹೇಗೆ? ಅದರ ಹೊಳೆಗೆ ಅಣೆಕಟ್ಟುಗಳು ಬಂದ ಮೇಲೆ ಏನಾಯಿತು? ಇದರಿಂದ ನಾವು ಕಲಿಯಬೇಕಾದದ್ದು ಏನು? ಇಷ್ಟನ್ನು ಇಲ್ಲಿ ಹೇಳಲು ಯತ್ನಿಸಿದ್ದೇವೆ.

ಮೊದಲು ಮೀನಿನ ಸ್ವಭಾವ. ಟ್ರೌಟಿಗೆ ತಣ್ಣೀರು ಬೇಕು. ಹತ್ತರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. ಇಪ್ಪತ್ತು ದಾಟಿದರೆ ಕಷ್ಟ. ಇಪ್ಪತ್ತೈದರ ಹತ್ತಿರ ಬಂದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ಕಾರಣ ಬರಿಯ ಶಾಖವಲ್ಲ, ಉಸಿರು. ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಯಲುಸೀಮೆಯ ಕೆರೆಮೀನು ಅಷ್ಟರಲ್ಲೇ ಬದುಕುತ್ತದೆ, ಟ್ರೌಟ್ ಬದುಕಲಾರದು. ಆದ್ದರಿಂದ ದಕ್ಷಿಣ ಭಾರತದಲ್ಲಿ ಅದಕ್ಕೆ ಹೊಂದುವ ಜಾಗ ಎರಡು ಸಾವಿರ ಮೀಟರ್ ಆಸುಪಾಸಿನ ಎತ್ತರದ ಮಲೆಗಳು ಮಾತ್ರ: ನೀಲಗಿರಿ ಮತ್ತು ಮುನ್ನಾರಿನ ಕಡೆಯ ಎತ್ತರದ ಬೆಟ್ಟಗಳು.

ಎರಡನೆಯದು ಇದನ್ನು ಹಿಡಿಯುವ ಬಗೆ. ಇಂಗ್ಲಿಷರು ಇದಕ್ಕೆ ಎರೆಹುಳು ಚುಚ್ಚುತ್ತಿರಲಿಲ್ಲ. ಹಕ್ಕಿಯ ಗರಿ, ರೇಷ್ಮೆ ದಾರ, ಪ್ರಾಣಿಯ ಕೂದಲುಗಳನ್ನು ಸಣ್ಣ ಗಾಳಕ್ಕೆ ಸುತ್ತಿ ನೀರುನೊಣದಂತೆ ಕಾಣುವ ಹಾಗೆ ಕಟ್ಟುತ್ತಿದ್ದರು. ಉದ್ದನೆಯ ಬಾಗುವ ಕೋಲಿನಿಂದ ಅದನ್ನು ನೀರಿನ ಮೇಲೆ ಹಗುರವಾಗಿ ಬೀಸಬೇಕು. ಮೀನು ಇದು ನಿಜವಾದ ನೊಣವೆಂದು ನಂಬಿ ಬಾಯಿ ಹಾಕಬೇಕು. ಇದೇ ಫ್ಲೈ ಫಿಶಿಂಗ್. ಹೊಟ್ಟೆಪಾಡಿಗೆ ಮೀನು ಹಿಡಿಯುವ ನಮ್ಮವರ ಬಲೆ, ಕೂಣಿಗಳಿಗಿಂತ ಇದು ತೀರ ಬೇರೆ. ಇದು ಬಿಡುವಿದ್ದವರ ಆಟ.

ಇನ್ನು ಚರಿತ್ರೆಗೆ ಬರೋಣ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಗೆ ಹತ್ತಿದರು. ಕೆಲವೇ ವರ್ಷಗಳಲ್ಲಿ, 1820ರ ದಶಕದಲ್ಲಿ, ತೊರೆಗಳಿಗೆ ಅಡ್ಡಕಟ್ಟೆ ಹಾಕಿಸಿ ಊಟಿಯ ಕೆರೆಯನ್ನು ಕಟ್ಟಿಸಿದರು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಬೆಟ್ಟಕ್ಕೆ ಬಂದ ಇಂಗ್ಲಿಷರು ಬೆಟ್ಟದ ನೀರಿಗೂ ಬಂದರು. ಆ ನೀರಿನಲ್ಲಿ ತಮ್ಮ ಊರಿನ ಮೀನು ಇಲ್ಲವಲ್ಲ ಎಂಬುದು ಅವರ ಕೊರಗು.

1863ರಲ್ಲಿ ಮದ್ರಾಸ್ ಸೇನೆಯ ವೈದ್ಯ ಫ್ರಾನ್ಸಿಸ್ ಡೇ ಟ್ರೌಟನ್ನು ನೀಲಗಿರಿಗೆ ತರಿಸುವ ಪ್ರಯತ್ನ ಮಾಡಿದರು. ಅದು ಕೈಗೂಡಲಿಲ್ಲ. ಟ್ರೌಟಿನ ಮೊಟ್ಟೆ 10 ಡಿಗ್ರಿ ನೀರಿನಲ್ಲಿ ಸುಮಾರು ಒಂದು ತಿಂಗಳಿಗೆ ಒಡೆಯುತ್ತದೆ. ಹಿಮದಲ್ಲಿಟ್ಟರೆ ಇನ್ನೂ ನಿಧಾನವಾಗುತ್ತದೆ. ಆ ನಿಧಾನವೇ ಸಾಗಣೆಗೆ ಆಧಾರ. 1864ರಲ್ಲಿ ಇದೇ ಉಪಾಯದಿಂದ, ಪಾಚಿ ಮತ್ತು ಹಿಮಗಡ್ಡೆಯ ನಡುವೆ ಮೊಟ್ಟೆಗಳನ್ನಿಟ್ಟು, ಇಂಗ್ಲೆಂಡಿನಿಂದ ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಕೊಂಡೊಯ್ದು ಮರಿ ಮಾಡಿಸಿದರು. ನೀಲಗಿರಿಗೆ ಆಗ ರೈಲಿರಲಿಲ್ಲ. ಕಡಲತೀರದಿಂದ ಬಿಸಿಲಿನ ಬಯಲು ದಾಟಿ ಘಟ್ಟ ಹತ್ತುವಷ್ಟರಲ್ಲಿ ಹಿಮ ಕರಗದಂತೆ ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ಅದೇ ದಶಕದಲ್ಲಿ ಊಟಿ ಸಸ್ಯೋದ್ಯಾನದ ಮೇಲ್ವಿಚಾರಕ ಮೆಕೈವರ್ ಬೇರೆ ಜಾತಿಯ ಯೂರೋಪಿನ ಮೀನುಗಳನ್ನು ಬೆಟ್ಟದ ಕೆರೆಗಳಿಗೆ ಬಿಟ್ಟರು. ಟ್ರೌಟ್ ಮಾತ್ರ ನಾಲ್ಕು ದಶಕ ಕಾಯಬೇಕಾಯಿತು.

ಈ ನಡುವೆ ನಮ್ಮ ಗಡಿನಾಡಿಗೇ ಸಂಬಂಧಿಸಿದ ಒಬ್ಬ ವ್ಯಕ್ತಿ ಬರುತ್ತಾರೆ. ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಇಂದಿನ ಕಾಸರಗೋಡು ಆಗ ಆ ಜಿಲ್ಲೆಯ ಭಾಗವೇ. ಹೊಳೆಗಳಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆಗಳನ್ನು ಕಂಡು ಅವರು ಸರ್ಕಾರಕ್ಕೆ ಬರೆದರು. ಅವರ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮೀನಿಗೂ ಕಾನೂನಿನ ರಕ್ಷಣೆ ಬೇಕೆಂಬ ವಿಚಾರ ಆ ಕಾಲದಲ್ಲಿ ಬಲಗೊಂಡಿತು. 1879ರಲ್ಲಿ ಮದ್ರಾಸ್ ಸರ್ಕಾರ ನೀಲಗಿರಿಗೆಂದೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಯ ಕಾಯಿದೆ ತಂದಿತು. 1897ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮೀನುಗಾರಿಕೆ ಕಾಯಿದೆ ಬಂತು.

1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಹತ್ತಿತು. ಹತ್ತಿರದ ಸಿಂಹಳದಲ್ಲಿ ಆ ವೇಳೆಗೆ ಟ್ರೌಟ್ ಬೇರೂರಿತ್ತು. 1907ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಅವರ ಮುಂದಾಳತ್ವದಲ್ಲಿ ಮದ್ರಾಸಿನ ಮೀನುಗಾರಿಕೆ ಇಲಾಖೆ ರೂಪುಗೊಂಡಿತು. ಅದೇ ಸುಮಾರಿಗೆ ಎಚ್. ಸಿ. ವಿಲ್ಸನ್ ಎಂಬ ಮೀನುಸಾಕಣೆ ತಜ್ಞರು ಅವಲಾಂಚಿಯಲ್ಲಿ ಮೊಟ್ಟೆ ಒಡೆಸಿ ಮರಿ ಬೆಳೆಸುವ ಕೇಂದ್ರವನ್ನು ನಡೆಸಿ, ರೇನ್‌ಬೋ ಟ್ರೌಟನ್ನು ನೀಲಗಿರಿಯ ಹೊಳೆಗಳಲ್ಲಿ ನೆಲೆಗೊಳಿಸಿದರು. ಡೇ ಅವರು ಕಂಡ ಕನಸು ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಇನ್ನೊಬ್ಬರ ಕೈಯಲ್ಲಿ, ಇನ್ನೊಂದು ಜಾತಿಯ ಟ್ರೌಟಿನಿಂದ ನೆರವೇರಿತು.

ಆದರೆ ಆ ಹೊಳೆಗಳು ಖಾಲಿ ಬಿದ್ದಿದ್ದವೇ? ಅವುಗಳಿಗೆ ಒಡೆಯರು ಇರಲಿಲ್ಲವೇ? ಅಲ್ಲಿ ತೋಡರ ಮಂದುಗಳಿದ್ದವು, ಬಡಗರ ಹಟ್ಟಿಗಳಿದ್ದವು. ಬಡಗರೆಂದರೆ ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ ಬಂದವರೆಂದು ಅವರ ಹಿರಿಯರೇ ಹೇಳುತ್ತಾರೆ. ಅವರ ನುಡಿ ಕನ್ನಡಕ್ಕೆ ಬಲು ಹತ್ತಿರ. ನೀಲಗಿರಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ ಎಂಬುದೇ ಸಾಕ್ಷಿ. ತೋಡರನ್ನು ಕುರಿತು ಡಬ್ಲ್ಯು. ಎಚ್. ಆರ್. ರಿವರ್ಸ್ ಬರೆದ ಗ್ರಂಥ 1906ರಲ್ಲಿ, ಎಂದರೆ ಹೆಚ್ಚುಕಡಿಮೆ ಟ್ರೌಟ್ ಬಂದ ಕಾಲಕ್ಕೇ, ಪ್ರಕಟವಾಯಿತು. ಪೈಕಾರ ಹೊಳೆ ಮತ್ತು ಅವಲಾಂಚಿ ಹೊಳೆ ತೋಡರಿಗೆ ದೇವರು ಎಂದೂ, ಅವನ್ನು ದಾಟುವಾಗ ಗೌರವಕ್ಕಾಗಿ ಹೊದಿಕೆಯಿಂದ ಬಲಗೈಯನ್ನು ಹೊರಗಿಡುತ್ತಾರೆಂದೂ ಅದರಲ್ಲಿ ದಾಖಲಾಗಿದೆ. ಅದೇ ಎರಡು ಹೊಳೆಗಳು ಟ್ರೌಟಿನ ಮನೆಯಾದವು. ಮುಂದೆ ಅವೇ ವಿದ್ಯುತ್ತಿನ ಮನೆಯೂ ಆದವು.

ಪೈಕಾರದ ವಿದ್ಯುತ್ ಯೋಜನೆ 1932ರಲ್ಲಿ ಕೆಲಸ ಆರಂಭಿಸಿತು. ಬೆಟ್ಟದ ಅಂಚಿನಿಂದ ಕೊಳವೆಗಳಲ್ಲಿ ನೀರನ್ನು ಸಿಂಗಾರದ ವಿದ್ಯುದಾಗಾರಕ್ಕೆ ಇಳಿಸುವ ಯೋಜನೆ ಅದು. ನೀರು ಬೀಳುವ ಎತ್ತರ ಮೂರು ಸಾವಿರ ಅಡಿಗೂ ಹೆಚ್ಚು. ಈ ವಿದ್ಯುತ್ತಿನಿಂದ ಕೊಯಮತ್ತೂರಿನ ಹತ್ತಿಗಿರಣಿಗಳು ಬೆಳೆದವು. ಆದರೆ ಒಂದು ತೊಡಕಿತ್ತು. ನೈಋತ್ಯ ಮುಂಗಾರಿನಲ್ಲಿ ಸುರಿದ ನೀರೆಲ್ಲ ಕೆಲವೇ ತಿಂಗಳಲ್ಲಿ ಹರಿದು ಹೋಗುತ್ತದೆ. ಗಿರಣಿಗಾದರೋ ವರ್ಷವಿಡೀ ವಿದ್ಯುತ್ ಬೇಕು. ಆದ್ದರಿಂದ ಹೊಳೆಯ ಮೇಲ್ಭಾಗದಲ್ಲಿ, 1938ರಲ್ಲಿ, ಮುಕುರ್ತಿ ಅಣೆಕಟ್ಟು ಎದ್ದಿತು. ಮಳೆಗಾಲದಲ್ಲಿ ಅಲ್ಲಿ ನೀರನ್ನು ಕೂಡಿಟ್ಟು, ಮಳೆಯಿಲ್ಲದ ತಿಂಗಳುಗಳಲ್ಲಿ ಹೊಳೆಯ ಪಾತ್ರದಲ್ಲೇ ಕೆಳಕ್ಕೆ ಬಿಡುವುದು ಅದರ ಕೆಲಸ.

ಸ್ವಾತಂತ್ರ್ಯದ ನಂತರ ಕುಂದಾ ಯೋಜನೆ ಬಂತು. ಕೊಲಂಬೊ ಯೋಜನೆಯ ಅಡಿಯಲ್ಲಿ ಕೆನಡಾ ದೇಶ ಇದಕ್ಕೆ ನೆರವು ನೀಡಿತು. 1960ರ ದಶಕದಲ್ಲಿ ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿ ಜಲಾಶಯಗಳು ತುಂಬಿದವು. ಸುರಂಗಗಳ ಮೂಲಕ ಒಂದು ಕಣಿವೆಯ ನೀರು ಇನ್ನೊಂದಕ್ಕೆ ಹೋಯಿತು. ಒಂದೇ ನೀರು ಕುಂದಾ, ಗೆದ್ದೆ, ಪರಳಿ, ಪಿಲ್ಲೂರುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಮತ್ತೆ ಮತ್ತೆ ಚಕ್ರ ತಿರುಗಿಸಿತು. ಟ್ರೌಟಿನ ಮರಿ ಕೇಂದ್ರವಿದ್ದ ಅವಲಾಂಚಿಯೇ ಈ ಜಾಲದ ನಡುಮಧ್ಯೆ ಸಿಕ್ಕಿತು. ಮೀನು ತಂದದ್ದೂ ಸರ್ಕಾರವೇ, ಅಣೆ ಕಟ್ಟಿದ್ದೂ ಸರ್ಕಾರವೇ.

ಇಲ್ಲಿ ಚಳಿಗಾಲದ ಮಾತು ಬರುತ್ತದೆ. ನೀಲಗಿರಿಯ ಮೇಲ್ತಟ್ಟಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರುತ್ತದೆ. ಕೆಲವು ಮುಂಜಾವುಗಳಲ್ಲಿ ತಾಪ ಸೊನ್ನೆಯ ಹತ್ತಿರಕ್ಕೆ ಇಳಿದು ಹುಲ್ಲಿನ ಮೇಲೆ ಬಿಳಿ ಹಿಮದ ಪದರ ಕಟ್ಟುತ್ತದೆ. ಕಟ್ಟೆಯಿಲ್ಲದ ಹೊಳೆಯಲ್ಲಿ ಈ ಕಾಲಕ್ಕೆ ನೀರು ಇಳಿದು, ತಿಳಿಯಾಗಿ, ಒಂದೇ ಸಮನೆ ಹರಿಯುತ್ತಿರುತ್ತದೆ. ಮೀನಿನ ಮೈಯ ಶಾಖ ನೀರಿನ ಶಾಖವೇ ಆದ್ದರಿಂದ ಕೊರೆಯುವ ನೀರಿನಲ್ಲಿ ಅದು ಮಂದವಾಗುತ್ತದೆ. ಆಳದ ಮಡುವಿನಲ್ಲಿ, ಸೆಳವು ಕಡಿಮೆ ಇರುವ ಕಡೆ ತಳಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಗಾಳ ಹಾಕುವವರು ಬೆಳಿಗ್ಗೆ ಆತುರಪಡುವುದಿಲ್ಲ. ಬಿಸಿಲೇರಿ ನೀರು ಒಂದೆರಡು ಡಿಗ್ರಿ ಬೆಚ್ಚಗಾದಾಗ, ನಡುಹಗಲಲ್ಲಿ, ಸಣ್ಣ ನೊಣಗಳು ನೀರಿನಿಂದ ಏಳುತ್ತವೆ. ಮೀನು ಬಾಯಿ ತೆರೆಯುವುದು ಆಗ. ತಿಳಿನೀರಿನಲ್ಲಿ ಅದಕ್ಕೆ ಮನುಷ್ಯನ ನೆರಳೂ ಕಾಣುವುದರಿಂದ ದಾರ ತೆಳುವಾಗಿರಬೇಕು, ನೊಣ ಚಿಕ್ಕದಿರಬೇಕು, ಹೆಜ್ಜೆ ಮೆಲ್ಲಗಿರಬೇಕು.

ಅಣೆಕಟ್ಟಿನ ಕೆಳಗೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ಮೋಡವಲ್ಲ, ಗೇಟು. ಮೇಲಿನ ಜಲಾಶಯದಿಂದ ಬಿಟ್ಟರೆ ಬಿಸಿಲಿನಲ್ಲೂ ಹೊಳೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಆಳವಾದ ಜಲಾಶಯದ ತಳದ ನೀರು ಹೊರಗಿನ ಗಾಳಿಯಷ್ಟು ಬೇಗ ಬಿಸಿಯೂ ಆಗದು, ತಣ್ಣಗೂ ಆಗದು. ಆದ್ದರಿಂದ ಅಣೆಕಟ್ಟಿನ ಹೊಳೆ ಟ್ರೌಟಿಗೆ ಬೇಸಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ತುಸು ಬೆಚ್ಚನ್ನೂ ಕೊಡಬಲ್ಲದು. ಪ್ರಪಂಚದ ಹಲವು ಹೆಸರಾಂತ ಟ್ರೌಟ್ ಹೊಳೆಗಳು ದೊಡ್ಡ ಅಣೆಕಟ್ಟುಗಳ ಕೆಳಗೇ ಇರುವುದಕ್ಕೆ ಇದು ಕಾರಣ. ಅಣೆಕಟ್ಟು ಟ್ರೌಟಿಗೆ ಬರಿಯ ಶತ್ರುವೆಂದು ಹೇಳಿದರೆ ಅದು ನಿಜವಾಗದು.

ಕೇಡು ಬರುವುದು ಏರಿಳಿತದಿಂದ. ಚಳಿಗಾಲವೇ ಟ್ರೌಟ್ ಮೊಟ್ಟೆಯಿಡುವ ಕಾಲ. ಹೆಣ್ಣುಮೀನು ಆಳವಿಲ್ಲದ ಕಡೆ ಸಣ್ಣ ಹರಳುಗಲ್ಲನ್ನು ಬಾಲದಿಂದ ತೋಡಿ, ಗುಳಿಯಲ್ಲಿ ಮೊಟ್ಟೆಯಿಟ್ಟು ಮತ್ತೆ ಹರಳು ಮುಚ್ಚುತ್ತದೆ. ಮೊಟ್ಟೆ ಒಡೆಯುವವರೆಗೆ, ಒಡೆದ ಮೇಲೂ ಕೆಲವು ವಾರ, ಆ ಹರಳಿನ ಮೇಲೆ ತಣ್ಣೀರು ಹರಿಯುತ್ತಲೇ ಇರಬೇಕು. ಗೇಟು ತೆರೆದಾಗ ನೀರೇರಿ ದಡದ ಹರಳು ಮುಳುಗುತ್ತದೆ, ಮೀನು ಅಲ್ಲಿಗೆ ಬರುತ್ತದೆ. ನಾಲ್ಕು ದಿನ ಬಿಟ್ಟು ಗೇಟು ಮುಚ್ಚಿದರೆ ಮೊಟ್ಟೆಗಳು ದಡದಲ್ಲೇ ಒಣಗುತ್ತವೆ. ಹೊಳೆಯ ಕಲ್ಲುಗಳಿಗೆ ಅಂಟಿಕೊಂಡ ನೀರುನೊಣದ ಮರಿಗಳಿಗೂ ಇದೇ ಗತಿ. ಗಾಳದವನ ಚಳಿಗಾಲ ಕೆಟ್ಟರೆ ಒಂದು ದಿನದ ಆಟ ಕೆಟ್ಟೀತು. ಮೀನಿನ ಚಳಿಗಾಲ ಕೆಟ್ಟರೆ ಒಂದು ತಲೆಮಾರೇ ಹೋಗುತ್ತದೆ. ಮನುಷ್ಯರು ಮರಿ ಕೇಂದ್ರದ ತೊಟ್ಟಿಗಳಲ್ಲಿ ಮೊಟ್ಟೆ ಒಡೆಸಿ ಹೊಳೆಗೆ ಬಿಡುವ ಕ್ರಮಕ್ಕೆ ಇಂಥ ಕಡೆಗಳಲ್ಲಿ ಇಷ್ಟು ಬೆಲೆ ಬರುವುದು ಅದಕ್ಕೇ.

ಟ್ರೌಟ್ ಹೋದರೆ ಹೋಗಲಿ, ಅದು ನಮ್ಮದಲ್ಲವಲ್ಲ ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಅರ್ಥವಿದೆ. ಹೊರಗಿನಿಂದ ತಂದುಬಿಟ್ಟ ಬೇಟೆಗಾರ ಮೀನು ಎಲ್ಲಿ ಹೋದರೂ ಅಲ್ಲಿನ ಸಣ್ಣ ಜೀವಿಗಳನ್ನು ತಿಂದೇ ಬದುಕುವುದು. ಮುಕುರ್ತಿಯ ಸುತ್ತಿನ ಹುಲ್ಲುಬೆಟ್ಟ ಮತ್ತು ಶೋಲೆ ಕಾಡುಗಳು ನೀಲಗಿರಿ ತಾರ್ ಎಂಬ ಕಾಡಾಡಿನ ನೆಲೆ. 1982ರಲ್ಲಿ ಅದು ಅಭಯಾರಣ್ಯವಾಯಿತು, 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಾಳದ ಆಟಕ್ಕಿಂತ ಕಾಡು ದೊಡ್ಡದು ಎಂದು ತೀರ್ಮಾನವಾದದ್ದು ಒಳ್ಳೆಯದೇ.

ಆದರೆ ಗೇಟಿನ ಕೆಳಗಿರುವುದು ಟ್ರೌಟ್ ಒಂದೇ ಅಲ್ಲ. ಮುಕುರ್ತಿಯಿಂದ ಪೈಕಾರಕ್ಕೆ, ಪೈಕಾರದಿಂದ ಸಿಂಗಾರಕ್ಕೆ, ಅಲ್ಲಿಂದ ಮರವಕಂಡಿಗೆ, 1952ರಲ್ಲಿ ಶುರುವಾದ ಮೋಯಾರ್ ವಿದ್ಯುದಾಗಾರಕ್ಕೆ, ಕೊನೆಗೆ ಮೋಯಾರ್ ಕಣಿವೆಗೆ: ಇದು ಆ ನೀರಿನ ದಾರಿ. 2005ರಲ್ಲಿ ಪೈಕಾರದ ನೀರಿನಿಂದ ಇನ್ನೂ 150 ಮೆಗಾವಾಟ್ ತೆಗೆಯುವ ನೆಲದಡಿಯ ವಿದ್ಯುದಾಗಾರವೂ ಸೇರಿತು. ಕಣಿವೆಯ ತಳದಲ್ಲಿ ತೆಂಗುಮರಹಾಡ ಇದೆ. ಆ ಊರಿನವರು ಹೊರಗೆ ಬರಲು ಮೋಯಾರನ್ನು ಹರಿಗೋಲಿನಲ್ಲಿ ದಾಟುತ್ತ ಬಂದವರು. ಮೇಲೆ ಪೈಕಾರದಿಂದ ಹೆಚ್ಚು ನೀರು ಬಿಟ್ಟಾಗ ಕೆಳಗೆ ಹೊಳೆ ಉಕ್ಕಿ ದಾಟು ನಿಂತ ಸುದ್ದಿ ಪತ್ರಿಕೆಗಳಲ್ಲಿ ಅನೇಕ ಸಲ ಬಂದಿದೆ. ಹೊಳೆ ಏರುವುದಕ್ಕೆ ಅವರ ತಲೆಯ ಮೇಲೆ ಮಳೆ ಬೀಳಬೇಕೆಂದಿಲ್ಲ.

ಇದೇ ಮೋಯಾರಿನಲ್ಲಿ ಕಾವೇರಿ ಸೀಮೆಯ ಹೆಮ್ಮೆಯ ಮೀನೊಂದು ಉಳಿದುಕೊಂಡಿದೆ. ಅದು ಗೂನುಬೆನ್ನಿನ ಮಹಶೀರ್. ಕಾವೇರಿ ದಡದವರು ಇದನ್ನು ಬಿಳಿಮೀನು ಎನ್ನುತ್ತಾರೆ. ಥಾಮಸ್ ಕಾಲದ ಗಾಳದವರನ್ನು ಬೆರಗುಗೊಳಿಸಿದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿತು. ತಲೆಯಲ್ಲಿ ಪರದೇಶಿ ಟ್ರೌಟ್, ಬುಡದಲ್ಲಿ ನಮ್ಮ ಬಿಳಿಮೀನು, ನಡುವೆ ತೆಂಗುಮರಹಾಡದ ಹರಿಗೋಲು. ಮೂರಕ್ಕೂ ಬೇಕಾದದ್ದು ಒಂದೇ: ತಟ್ಟನೆ ಏರದ, ತಟ್ಟನೆ ಇಳಿಯದ ಹೊಳೆ. ಟ್ರೌಟಿನ ಚರಿತ್ರೆಯನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದ್ದು ಈ ಕಾರಣಕ್ಕೆ. ಆ ಮೀನಿನ ಬಗ್ಗೆ ಬರೆದಿಡಲು ಇಂಗ್ಲಿಷ್ ಬಲ್ಲ ದೊರೆಗಳಿದ್ದರು. ಹರಿಗೋಲಿನವರ ಚಳಿಗಾಲವನ್ನು ಹಾಗೆ ಬರೆದಿಟ್ಟವರು ಕಡಿಮೆ.

ಈಗ ಇನ್ನೊಂದು ಹಂತ ಬರುತ್ತಿದೆ. ಕುಂದಾದಲ್ಲಿ 500 ಮೆಗಾವಾಟ್‌ನ ಪಂಪ್ ಸಂಗ್ರಹಣಾ ಯೋಜನೆಯನ್ನು ಕೈಗೊಳ್ಳಲಾಗಿದೆ. ಮೇಲೆ ಪೋರ್ತಿಮುಂದ್ ಜಲಾಶಯ, ಕೆಳಗೆ ಅವಲಾಂಚಿ–ಎಮರಾಲ್ಡ್. ವಿದ್ಯುತ್ ಮಿಕ್ಕ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತುವುದು, ಬೇಡಿಕೆ ಹೆಚ್ಚಿದಾಗ ಕೆಳಕ್ಕೆ ಇಳಿಸುವುದು ಇದರ ರೀತಿ. ಸೂರ್ಯ, ಗಾಳಿಗಳ ವಿದ್ಯುತ್ ಹೆಚ್ಚುತ್ತಿರುವ ಈ ಕಾಲದಲ್ಲಿ ಇದರ ಉಪಯೋಗ ದೊಡ್ಡದು, ಅಲ್ಲಗಳೆಯುವಂತಿಲ್ಲ. ನಮ್ಮ ಶಾಲೆಯ ಗಣಕಯಂತ್ರ ಓಡುವುದೂ ವಿದ್ಯುತ್ತಿನಿಂದಲೇ. ಆದರೆ ಋತುವಿಗೊಮ್ಮೆ ಏರಿಳಿಯುತ್ತಿದ್ದ ಜಲಾಶಯ ದಿನಕ್ಕೊಮ್ಮೆ ಏರಿಳಿಯುವುದಾದರೆ ಅದರ ಅಂಚಿನ ಜೀವಗಳಿಗೆ ಏನಾಗುತ್ತದೆಂದು ಮೊದಲೇ ಅಳೆದು ನೋಡುವುದು ನ್ಯಾಯ.

ಗೇಟು ಬೇಡವೆಂದು ನಾವು ಹೇಳುತ್ತಿಲ್ಲ. ಗೇಟನ್ನು ಮೆಲ್ಲಗೆ ತೆರೆಯಬಹುದು, ಮೆಲ್ಲಗೆ ಮುಚ್ಚಬಹುದು. ಮೊಟ್ಟೆಯ ಕಾಲದಲ್ಲಿ ಇಷ್ಟು ನೀರು ಹೊಳೆಗೆಂದೇ ಇರಲಿ ಎಂದು ತೆಗೆದಿಡಬಹುದು. ನೀರು ಬಿಡುವ ಸುದ್ದಿ ಹರಿಗೋಲಿನವನಿಗೆ ನೀರಿಗಿಂತ ಮೊದಲು ಮುಟ್ಟುವಂತೆ ಮಾಡಬಹುದು. ಇದಕ್ಕೆಲ್ಲ ಹೊಸ ಅಣೆಕಟ್ಟು ಬೇಕಾಗಿಲ್ಲ, ಹೊಳೆಯನ್ನು ಕೊಳವೆಯೆಂದು ತಿಳಿಯದ ಮನಸ್ಸು ಬೇಕು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಭೂಪಟದಲ್ಲಿ ಮುಕುರ್ತಿಯಿಂದ ಭವಾನಿಸಾಗರದವರೆಗೆ ಒಂದು ನೀಲಿ ಗೆರೆ ಎಳೆಸಿ. ಅದರ ಮೇಲೆ ಪ್ರತಿ ಅಣೆಕಟ್ಟನ್ನೂ ಅದು ಕಟ್ಟಿದ ವರ್ಷವನ್ನೂ ಬರೆಯಿಸಿ. ಪಕ್ಕದಲ್ಲಿ ಆ ನೀರನ್ನು ನಂಬಿದ ಊರು, ಜನ, ಮೀನುಗಳ ಹೆಸರು ಬರೆಯಿಸಿ. ಆಮೇಲೆ, ಈ ಹೊಳೆಗೆ ನೀರು ಯಾವಾಗ ಬರುತ್ತದೆ ಎಂದು ಮತ್ತೊಮ್ಮೆ ಕೇಳಿ. ಈ ಸಲ ಮಕ್ಕಳ ಉತ್ತರ "ಮಳೆಗಾಲದಲ್ಲಿ" ಎಂಬಲ್ಲಿಗೆ ನಿಲ್ಲಲಾರದು.